ಜೆನೋವಾದಲ್ಲಿ ಕಡಿಮೆ ಬಾಡಿಗೆಯ ರೂಮು: ಹುಡುಕುವುದರಿಂದ ಖಾಲಿ ಮಾಡುವವರೆಗೆ

ಇಟಲಿಗೆ ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಮುದ್ರದ ದಂಡೆಯಲ್ಲಿರುವ ಚಿಂಕ್ವೆ ತೆರ್ರೆಯ ಐದು ಹಳ್ಳಿ ನೋಡಬೇಕು, ಅಲ್ಲಿ ರೂಮಿನ ರೇಟು ಕೇಳಿದರೆ ತಲೆ ತಿರುಗುತ್ತದೆ, ಜೆನೋವಾದಲ್ಲಿ ಉಳಿದುಕೊಂಡರೆ ಆಗುತ್ತದಾ, ಅಲ್ಲಿ ಕಡಿಮೆ ದುಡ್ಡಿನ ಯಾವ ಹೋಟೆಲ್ ಒಳ್ಳೆಯದು? ಖಂಡಿತ ಆಗುತ್ತದೆ. ರೈಲಿನಲ್ಲಿ ಒಂದು, ಒಂದೂವರೆ ಗಂಟೆಗೆ ಅಲ್ಲಿಗೆ ಹೋಗಬಹುದು. ಜೆನೋವಾ ಊರೇ ಎರಡು ಮೂರು ದಿನ ನೋಡುವಂಥದ್ದು, ಅದನ್ನು ಬರೀ ಮಲಗುವ ಜಾಗ ಮಾಡಿಕೊಳ್ಳಬೇಡಿ. ಆದರೆ ಹೋಟೆಲ್ ಹೆಸರು ಒಂದನ್ನು ಹೇಳಿ ಮುಗಿಸಿದರೆ ನಿಮಗೆ ಸಹಾಯ ಆಗುವುದಿಲ್ಲ. ಈ ಊರಿನಲ್ಲಿ ಒಂದೇ ರೇಟಿನ ಎರಡು ರೂಮುಗಳ ನಡುವೆ ಭಾರೀ ವ್ಯತ್ಯಾಸ ಇರುತ್ತದೆ, ಆ ವ್ಯತ್ಯಾಸ ಫೋಟೋದಲ್ಲಿ ಕಾಣುವುದಿಲ್ಲ. ಯಾವ ಗಲ್ಲಿ, ಎಷ್ಟನೇ ಮಹಡಿ, ಬೀದಿಬಾಗಿಲು ಎಲ್ಲಿ, ಎಷ್ಟು ಗಂಟೆಯವರೆಗೆ ಬಾಗಿಲು ತೆಗೆಯುವವರು ಇರುತ್ತಾರೆ, ಈ ನಾಲ್ಕು ಗೊತ್ತಿದ್ದರೆ ಕಡಿಮೆ ರೇಟಿನ ರೂಮಿನಲ್ಲೂ ಸುಖವಾಗಿ ಇರಬಹುದು.

ಒಂದು ಮಾತು ಮೊದಲೇ ಹೇಳುತ್ತೇನೆ. ಜೆನೋವಾ ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಇರುವ ಸ್ವಲ್ಪ ಜಾಗದಲ್ಲಿ ಮೇಲಕ್ಕೆ ಬೆಳೆದ ಬಂದರು. ಹಳೇ ಊರಿನ ಗಲ್ಲಿಗಳಿಗೆ ಅಲ್ಲಿಯವರು ಕರುಜ್ಜಿ ಅನ್ನುತ್ತಾರೆ. ಕೆಲವು ಎರಡು ಮೂರು ಮೀಟರ್ ಅಗಲ ಇದ್ದರೆ ಹೆಚ್ಚು, ಎರಡೂ ಕಡೆ ಆರೇಳು ಮಹಡಿಯ ಮನೆಗಳು. ಗುಡ್ಡ ಹತ್ತುವ ಕಿರಿದಾದ ಕಲ್ಲು-ಇಟ್ಟಿಗೆಯ ದಾರಿಗೆ ಕ್ರೇಜಾ ಅನ್ನುತ್ತಾರೆ. ಮೊಬೈಲ್ ಮ್ಯಾಪ್ ಇದನ್ನೆಲ್ಲ ಚಪ್ಪಟೆಯಾಗಿ ತೋರಿಸುತ್ತದೆ. "ಸ್ಟೇಷನ್‌ನಿಂದ 600 ಮೀಟರ್" ಅಂತ ಬರೆದಿದ್ದರೆ ಅದರಲ್ಲಿ 150 ಮೆಟ್ಟಿಲು ಇರಬಹುದು, ಸೂಟ್‌ಕೇಸ್ ಎಳೆದುಕೊಂಡು ಹೋಗುವವರಿಗೆ ಅದೇ ಮುಖ್ಯ ಅಲ್ವಾ.

1. ಮೊದಲು ಊರಿನ ಯಾವ ಭಾಗ ಅಂತ ತೀರ್ಮಾನಿಸಿ

ಜೆನೋವಾದಲ್ಲಿ ಎರಡು ದೊಡ್ಡ ರೈಲು ನಿಲ್ದಾಣಗಳಿವೆ. ಪಶ್ಚಿಮಕ್ಕೆ ಪಿಯಾಟ್ಸಾ ಪ್ರಿಂಚಿಪೆ, ಪೂರ್ವಕ್ಕೆ ಬ್ರಿನ್ಯೋಲೆ. ಹಳೇ ಊರು ಇವೆರಡರ ನಡುವೆ ಸಮುದ್ರದ ಕಡೆಗಿದೆ. ಒಂದೇ ಒಂದು ಮೆಟ್ರೋ ಲೈನ್ ಇದೆ, ಅದು ಪ್ರಿಂಚಿಪೆಯಿಂದ ಹಳೇ ಬಂದರಿನ ಪಕ್ಕದ ಸಾನ್ ಜೋರ್ಜೊ, ಊರಿನ ನಡುವಿನ ದೆ ಫೆರ್ರಾರಿ ದಾಟಿ ಬ್ರಿನ್ಯೋಲೆಗೆ ಹೋಗುತ್ತದೆ. ಈ ಲೈನ್ ಪಕ್ಕ ರೂಮು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ತೀರಾ ಕಡಿಮೆ ರೇಟು ಕಾಣುವುದು ಪ್ರಿಂಚಿಪೆಯ ಕೆಳಗೆ, ವಿಯಾ ಪ್ರೆ ಮತ್ತು ಅದರ ಸುತ್ತಿನ ಗಲ್ಲಿಗಳಲ್ಲಿ (ವಿಯಾ ಅಂದರೆ ಬೀದಿ, ಪಿಯಾಟ್ಸಾ ಅಂದರೆ ಚೌಕ). ಹಗಲಿನಲ್ಲಿ ಅದು ತುಂಬಾ ಜೀವಂತ ಬೀದಿ, ಬೇರೆ ಬೇರೆ ದೇಶದವರ ಅಂಗಡಿಗಳು, ಮಸಾಲೆ, ಅಕ್ಕಿ, ಫೋನ್ ರಿಪೇರಿ ಎಲ್ಲ ಇದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಖಾಲಿಯಾಗುತ್ತದೆ, ಮೂಲೆಗಳಲ್ಲಿ ಗಾಂಜಾ, ಡ್ರಗ್ಸ್ ಮಾರುವವರೂ ನಿಂತಿರುತ್ತಾರೆ. ಮೈಮೇಲೆ ಬೀಳುವವರು ಅಂತ ಅಲ್ಲ, ಆದರೆ ಮಕ್ಕಳ ಜೊತೆ ಅಥವಾ ಒಬ್ಬರೇ ರಾತ್ರಿ ಹನ್ನೊಂದಕ್ಕೆ ಬರುವವರಿಗೆ ನಾನು ಅಲ್ಲಿ ಹೇಳುವುದಿಲ್ಲ. ಮದ್ದಲೇನಾ ಬೀದಿಯ ಒಳಗಲ್ಲಿಗಳಿಗೂ ಇದೇ ಮಾತು.

ಅದೇ ಪ್ರಿಂಚಿಪೆಯ ಮೇಲುಗಡೆಯ ವಿಯಾ ಬಾಲ್ಬಿ ಬೇರೆಯೇ ಥರ. ವಿಶ್ವವಿದ್ಯಾಲಯ ಅಲ್ಲಿದೆ, ಬಸ್ಸು ಓಡಾಡುವ ಬೀದಿ, ಬೆಳಕಿದೆ, ರಾತ್ರಿ ಜನ ಇರುತ್ತಾರೆ. ಒಂದೆರಡು ದಿನ ಇದ್ದು ಬೆಳಗ್ಗೆ ರೈಲು ಹಿಡಿಯುವವರಿಗೆ ಇದೇ ಅನುಕೂಲ. ಎರಡು ಬೀದಿಗಳ ನಡುವೆ ದೂರ ಕೆಲವು ನೂರು ಮೀಟರ್ ಅಷ್ಟೇ, ಅದಕ್ಕೇ "ಪ್ರಿಂಚಿಪೆ ಹತ್ತಿರ" ಅನ್ನುವ ವಿವರಣೆ ಸಾಲುವುದಿಲ್ಲ, ಬೀದಿಯ ಹೆಸರು ನೋಡಲೇಬೇಕು.

ಕುಟುಂಬ ಸಮೇತ, ಹಿರಿಯರ ಜೊತೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಬ್ರಿನ್ಯೋಲೆ ಮತ್ತು ವಿಯಾ ವೆಂತಿ ಸೆತ್ತೆಂಬ್ರೆಯ ಸುತ್ತಮುತ್ತ. ಅಗಲ ಬೀದಿ, ಸಮತಟ್ಟು ನೆಲ, ಕಮಾನಿನ ಕೆಳಗೆ ಮಳೆಗೆ ನೆನೆಯದೆ ನಡೆಯಬಹುದು, ಮೆರ್ಕಾತೊ ಓರಿಯೆಂತಾಲೆ ಅನ್ನುವ ದೊಡ್ಡ ತರಕಾರಿ ಹಣ್ಣಿನ ಮಾರುಕಟ್ಟೆ ಅಲ್ಲೇ ಇದೆ. ಚಿಂಕ್ವೆ ತೆರ್ರೆ ಕಡೆಯ ರೈಲುಗಳೂ ಇಲ್ಲಿ ನಿಲ್ಲುತ್ತವೆ. ಸ್ವಲ್ಪ ಜಾಸ್ತಿ ಕೊಟ್ಟರೂ ಅದಕ್ಕೆ ಬೆಲೆ ಇದೆ.

ಸಾನ್ ಲೊರೆಂಜೊ ಕೆಥೆಡ್ರಲ್ ಮತ್ತು ಪಿಯಾಟ್ಸಾ ದೆಲ್ಲೆ ಎರ್ಬೆಯ ಸುತ್ತ ಇರುವ ರೂಮುಗಳು ಸುಂದರ. ಆದರೆ ಶುಕ್ರವಾರ, ಶನಿವಾರ ಆ ಚೌಕದಲ್ಲಿ ಹುಡುಗರು ನಡುರಾತ್ರಿ ದಾಟುವವರೆಗೆ ಕುಡಿಯುತ್ತಾ ಮಾತಾಡುತ್ತಾ ಇರುತ್ತಾರೆ. ಇಕ್ಕಟ್ಟಾದ ಗಲ್ಲಿಯಲ್ಲಿ ಆ ಸದ್ದು ನಾಲ್ಕನೇ ಮಹಡಿಗೂ ಕೇಳುತ್ತದೆ. ಬಂದರಿನ ಎದುರು "ಸಮುದ್ರ ಕಾಣುತ್ತದೆ" ಅನ್ನುವ ರೂಮಾದರೆ ಇನ್ನೊಂದು ವಿಷಯ ಗಮನಿಸಿ. ಅಲ್ಲಿ ಸೊಪ್ರೆಲೆವಾತಾ ಅನ್ನುವ ಮೇಲ್ಸೇತುವೆ ರಸ್ತೆ 1965ರಿಂದ ಇದೆ, ವಾಹನಗಳು ಕಿಟಕಿಯ ಮಟ್ಟದಲ್ಲೇ ಓಡುತ್ತವೆ.

ಕಾಸ್ತೆಲ್ಲೆತ್ತೊ ಅನ್ನುವುದು ಮೇಲಿನ ಗುಡ್ಡ. ಶಾಂತ, ಗಾಳಿ ಚೆನ್ನಾಗಿದೆ, ಪಿಯಾಟ್ಸಾ ಪೊರ್ತೆಲ್ಲೊದಿಂದ ಸಾರ್ವಜನಿಕ ಲಿಫ್ಟ್ ಹತ್ತಿದರೆ ಸೀದಾ ಮೇಲೆ ತಲುಪುತ್ತೀರಿ. ಆದರೆ ಆ ಲಿಫ್ಟ್ ರಾತ್ರಿ ಎಷ್ಟು ಗಂಟೆಗೆ ನಿಲ್ಲುತ್ತದೆ ಅಂತ ಅಲ್ಲಿನ ಬೋರ್ಡ್ ನೋಡಿಕೊಳ್ಳಿ, ಇಲ್ಲದಿದ್ದರೆ ಮೆಟ್ಟಿಲೇ ಗತಿ. ಪಶ್ಚಿಮದ ಸಾಂಪಿಯೆರ್ದಾರೇನಾ ಮತ್ತು ಅದರಾಚೆ ಇನ್ನೂ ಅಗ್ಗ, ಆದರೆ ದಿನಾ ಬಸ್ಸು ಅಥವಾ ಲೋಕಲ್ ರೈಲಿಗೆ ಕಾಯಬೇಕು, ರಾತ್ರಿ ತೊಂದರೆ. ಒಂದು ವಾರ ಇರುವವರು ಪೂರ್ವದ ನೆರ್ವಿ ಕಡೆ ಯೋಚಿಸಬಹುದು, ಸಮುದ್ರದ ದಂಡೆಯಲ್ಲೇ ನಡೆಯುವ ಹಾದಿ ಇದೆ, ಲೋಕಲ್ ರೈಲೂ ಇದೆ.

ಯಾವಾಗ ಹೋಗಬೇಕು ಅನ್ನುವುದಕ್ಕೂ ರೇಟಿಗೂ ನೇರ ಸಂಬಂಧ ಇದೆ. ಸೆಪ್ಟೆಂಬರ್‌ನಲ್ಲಿ ಸಲೋನೆ ನಾವ್ತಿಕೊ ಅನ್ನುವ ದೊಡ್ಡ ದೋಣಿ ಪ್ರದರ್ಶನ ನಡೆಯುತ್ತದೆ, ಆ ವಾರ ಸಾಧಾರಣ ರೂಮಿಗೂ ಒಳ್ಳೇ ಹೋಟೆಲಿನ ದರ. ತಾರೀಖು ನೋಡಿ ತಪ್ಪಿಸಿಕೊಳ್ಳಿ.

2. "ಹೋಟೆಲ್" ಅಂತ ಕಂಡದ್ದೆಲ್ಲ ಹೋಟೆಲ್ ಅಲ್ಲ

ಬುಕಿಂಗ್ ಆ್ಯಪ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಅಲ್ಬೆರ್ಗೊ ಅಂದರೆ ಸ್ಟಾರ್ ಇರುವ ಹೋಟೆಲ್. ಒಂದು, ಎರಡು ಸ್ಟಾರಿನವು ನಮ್ಮ ಬಜೆಟ್‌ಗೆ ಸರಿ. ಲೊಕಾಂದಾ, ಪೆನ್ಸಿಯೋನೆ ಅಂತ ಹೆಸರಿದ್ದರೆ ಸಾಮಾನ್ಯವಾಗಿ ಮನೆಯವರೇ ನಡೆಸುವ ಸಣ್ಣ ವಸತಿ. ಅಫಿತ್ತಾಕಾಮೆರೆ ಅಂದರೆ ಒಂದು ಅಪಾರ್ಟ್‌ಮೆಂಟಿನ ಕೆಲವು ರೂಮುಗಳನ್ನು ಬಾಡಿಗೆಗೆ ಕೊಡುವ ಪದ್ಧತಿ, ಅಲ್ಲಿ ರಿಸೆಪ್ಷನ್ ಇರುವುದೇ ಇಲ್ಲ. ಒಸ್ತೆಲ್ಲೊ ಅಂದರೆ ಹಾಸಿಗೆ ಲೆಕ್ಕದ ಹಾಸ್ಟೆಲ್.

ಮಂಚದ ವಿಷಯ: ಮಾತ್ರಿಮೊನಿಯಾಲೆ ಅಂದರೆ ಒಂದೇ ದೊಡ್ಡ ಮಂಚ, ದೊಪ್ಪಿಯಾ ಅಂದರೆ ಸಾಮಾನ್ಯವಾಗಿ ಎರಡು ಬೇರೆ ಮಂಚ. ಇಬ್ಬರು ಗೆಳೆಯರೋ ಅಮ್ಮ ಮಗನೋ ಹೋಗುವಾಗ ಇದು ನೋಡಿಕೊಳ್ಳಿ. ಬಾತ್‌ರೂಮಿನ ಬಗ್ಗೆ ಇನ್ನೂ ಎಚ್ಚರ ಬೇಕು. ಬಾನ್ಯೊ ಇನ್ ಕೊಮುನೆ ಅಂದರೆ ಎಲ್ಲರಿಗೂ ಸೇರಿ ಒಂದು. ಬಾನ್ಯೊ ಪ್ರಿವಾತೊ ಎಸ್ತೆರ್ನೊ ಅಂದರೆ ನಿಮ್ಮದೇ, ಆದರೆ ರೂಮಿನ ಹೊರಗೆ ಪ್ಯಾಸೇಜಿನಲ್ಲಿ ಇರುತ್ತದೆ. ಬೆಲೆ ಯಾಕೆ ಇಷ್ಟು ಕಡಿಮೆ ಅಂತ ಆಶ್ಚರ್ಯ ಆದಾಗ ಉತ್ತರ ಹೆಚ್ಚಾಗಿ ಈ ಸಾಲಿನಲ್ಲೇ ಸಿಗುತ್ತದೆ.

ಈಗ ಒಂದು ಮುಖ್ಯ ಪರೀಕ್ಷೆ. 2025ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಜಾಗಕ್ಕೂ ಸಿಐಎನ್ ಅನ್ನುವ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಅದು ಇಟಲಿಯ ಐ, ಟಿ ಅಕ್ಷರಗಳಿಂದ ಶುರುವಾಗುತ್ತದೆ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಬಾಗಿಲಲ್ಲೂ ಹಾಕಿರಬೇಕು. ಆ ಸಂಖ್ಯೆ ಇಲ್ಲದ ರೂಮು ಎಷ್ಟೇ ಅಗ್ಗವಾದರೂ ಬೇಡ. ಯಾಕೆ ಅಂತ ಚೆಕ್-ಇನ್ ಹಂತದಲ್ಲಿ ಹೇಳುತ್ತೇನೆ.

3. ದುಡ್ಡು ಕಟ್ಟುವ ಮುಂಚೆ ಒಂದು ಮೆಸೇಜ್ ಕಳಿಸಿ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಆ್ಯಪ್‌ನಲ್ಲೇ ಸರಳ ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ಕೇಳಬೇಕಾದ್ದು ಇಷ್ಟು.

ರೂಮು ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಇದ್ದರೆ ಬೀದಿಮಟ್ಟದಿಂದಲೇ ಶುರುವಾಗುತ್ತದಾ? ಕೊನೆಯ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಆದರೆ ಹಳೇ ಕಟ್ಟಡಗಳಲ್ಲಿ ಲಿಫ್ಟ್ ಆಮೇಲೆ ಸೇರಿಸಿದ್ದು, ಅದರ ಬಾಗಿಲಿಗೆ ಹೋಗಲಿಕ್ಕೇ ಇಪ್ಪತ್ತು ಮೆಟ್ಟಿಲು ಹತ್ತಬೇಕಾದ ಮನೆಗಳು ಬೇಕಾದಷ್ಟಿವೆ. ಇಲ್ಲಿ ಸ್ವಲ್ಪ ಇತಿಹಾಸ ಕೂಡ ಉಪಯೋಗಕ್ಕೆ ಬರುತ್ತದೆ. ಜೆನೋವಾ ಗಣರಾಜ್ಯವಾಗಿತ್ತು, ಬಂದ ರಾಜರನ್ನೂ ರಾಯಭಾರಿಗಳನ್ನೂ ಇಳಿಸಲು ರಾಜನ ಅರಮನೆ ಇರಲಿಲ್ಲ. ಅದಕ್ಕೆ 1576ರಲ್ಲಿ ಸರ್ಕಾರ ಶ್ರೀಮಂತರ ಮನೆಗಳ ಪಟ್ಟಿ ಮಾಡಿತು. ಪಟ್ಟಿಯಲ್ಲಿರುವ ಮನೆಯವರು ಸರದಿ ಬಂದಾಗ ಅತಿಥಿಗಳನ್ನು ಇಟ್ಟುಕೊಳ್ಳಲೇಬೇಕು, ಯಾವ ದರ್ಜೆಯ ಮನೆಗೆ ಯಾವ ದರ್ಜೆಯ ಅತಿಥಿ ಅನ್ನುವುದೂ ತೀರ್ಮಾನವಾಗಿರುತ್ತಿತ್ತು. ಆ ಪಟ್ಟಿಗೆ ರೊಲ್ಲಿ ಅಂತ ಹೆಸರು. ಅದರಲ್ಲಿನ 42 ಅರಮನೆಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಆ ಕಾಲದ ಮತ್ತು ಅದೇ ಮಾದರಿಯ ಮನೆಗಳಲ್ಲಿ ಈಗ ಅನೇಕ ಸಣ್ಣ ವಸತಿಗಳು ನಡೆಯುತ್ತಿವೆ, ಕಡಿಮೆ ರೇಟಿನ ರೂಮಿನಲ್ಲೂ ಚಿತ್ರ ಬರೆದ ಚಾವಣಿ ಸಿಗುವುದುಂಟು. ಆದರೆ ಪಿಯಾನೊ ನೋಬಿಲೆ, ಅಂದರೆ ಯಜಮಾನರು ವಾಸ ಮಾಡುತ್ತಿದ್ದ ಮುಖ್ಯ ಮಹಡಿ, ತುಂಬಾ ಎತ್ತರ. ಅದರ ಕೆಳಗೆ ಅಮ್ಮೆಜ್ಜಾತೊ ಅನ್ನುವ ಅರ್ಧ ಮಹಡಿಯೂ ಇರುತ್ತದೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅಲ್ಲಿ "ಎರಡನೇ ಮಹಡಿ" ಅಂದರೆ ಕಾಲಿಗೆ ನಾಲ್ಕನೇ ಮಹಡಿ.

ಕಿಟಕಿ ಎತ್ತ ಕಡೆಗೆ ಅಂತ ಕೇಳಿ. ಕವೇದಿಯೊ ಅಂದರೆ ಕಟ್ಟಡದ ನಡುವಿನ ಬೆಳಕಿನ ಬಾವಿ. ಆ ಕಡೆಯ ರೂಮು ಕತ್ತಲೆ, ಆದರೆ ಸದ್ದಿಲ್ಲ. ಬೀದಿ ಕಡೆಯದ್ದು ಬೆಳಕು, ಜೊತೆಗೆ ಗದ್ದಲ. ಎರಡರಲ್ಲಿ ನಿಮಗೆ ಯಾವುದು ಬೇಕು ಅಂತ ನೀವೇ ಹೇಳಿಬಿಡಿ.

ಬಾಗಿಲು ಎಷ್ಟು ಗಂಟೆಯವರೆಗೆ ತೆಗೆಯುತ್ತಾರೆ? ಸಣ್ಣ ವಸತಿಗಳಲ್ಲಿ ಸಂಜೆ ಏಳೆಂಟು ಗಂಟೆಗೆ ಜನ ಮನೆಗೆ ಹೋಗಿಬಿಡುತ್ತಾರೆ. ನಿಮ್ಮ ರೈಲು ಒಂಬತ್ತಕ್ಕೆ ಬರುವುದಾದರೆ ಮುಂಚೆಯೇ ತಿಳಿಸಿ, ತಡವಾದ ಚೆಕ್-ಇನ್‌ಗೆ ಹೆಚ್ಚು ಹಣ ಇದೆಯಾ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಎಸಿ ಇದೆಯಾ? ಜುಲೈ, ಆಗಸ್ಟ್‌ನಲ್ಲಿ ಗಲ್ಲಿಯೊಳಗೆ ಗಾಳಿಯೇ ಆಡುವುದಿಲ್ಲ, ಫ್ಯಾನ್ ಅಂತ ಬರೆದಿದ್ದರೆ ಅದು ಟೇಬಲ್ ಫ್ಯಾನ್. ಚಳಿಗಾಲವಾದರೆ ಹೀಟಿಂಗ್ ಬಗ್ಗೆ ಕೇಳಿ. ಅಪಾರ್ಟ್‌ಮೆಂಟುಗಳ ಸೆಂಟ್ರಲ್ ಹೀಟಿಂಗ್ ಈ ಊರಿನಲ್ಲಿ ಸಾಮಾನ್ಯವಾಗಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಅದೂ ದಿನದ ಕೆಲವು ಗಂಟೆ ಮಾತ್ರ. ರೂಮಿನ ಸ್ವಿಚ್ ಒತ್ತಿದರೆ ಬಿಸಿ ಬರುತ್ತದೆ ಅಂತ ಅಂದುಕೊಳ್ಳಬೇಡಿ.

ಇಷ್ಟಕ್ಕೂ ನೇರವಾಗಿ ಉತ್ತರ ಕೊಟ್ಟವರ ಹತ್ತಿರ ಧೈರ್ಯವಾಗಿ ಬುಕ್ ಮಾಡಿ. ಎರಡು ದಿನವಾದರೂ ಉತ್ತರ ಬರದಿದ್ದರೆ ಬೇರೆ ನೋಡಿ. ನಿಮ್ಮ ಸಮಸ್ಯೆಗೆ ರಾತ್ರಿ ಹತ್ತಕ್ಕೆ ಅವರೇ ಉತ್ತರ ಕೊಡಬೇಕಾದವರು ತಾನೇ.

4. ವೀಸಾ, ಕಾರ್ಡು, ತೆರಿಗೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮುಂಚೆ. ವಯಸ್ಕರ ಶುಲ್ಕ 90 ಯೂರೋ, ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು. ಉಳಿದುಕೊಳ್ಳುವ ಜಾಗದ ಪುರಾವೆ ಕೇಳುತ್ತಾರೆ. ಹಾಗಾಗಿ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಮಾಡಿ, ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. "ಒಬ್ಬರು ಪ್ಲಸ್ ಅತಿಥಿ" ಅಂತ ಬಂದಿದ್ದರೆ ವಸತಿಯವರಿಗೆ ಬರೆದು ಸರಿಮಾಡಿಸಿ. ವೀಸಾ ಬರುವ ಮುಂಚೆ ಬುಕಿಂಗ್ ರದ್ದು ಮಾಡಬೇಡಿ, ಬಂದ ಮೇಲೆ ಬದಲಾಯಿಸಿದರೆ ಹೊಸ ಬುಕಿಂಗಿನ ಪ್ರಿಂಟ್ ಕೈಯಲ್ಲಿರಲಿ, ವಿಮಾನ ಇಳಿದಾಗ ಅಧಿಕಾರಿ ಕೇಳಬಹುದು.

ನಗರದ ಪ್ರವಾಸಿ ತೆರಿಗೆ, ಇಂಪೋಸ್ತಾ ದಿ ಸೊಜೋರ್ನೊ, ಹೆಚ್ಚಿನ ಕಡೆ ಬುಕಿಂಗ್ ಮೊತ್ತದಲ್ಲಿ ಸೇರಿರುವುದಿಲ್ಲ. ತಲೆಗೆ, ರಾತ್ರಿಗೆ ಇಷ್ಟು ಯೂರೋ ಅಂತ ಹೋಟೆಲ್‌ನಲ್ಲೇ ಕಟ್ಟಬೇಕು, ವಸತಿಯ ದರ್ಜೆಗೆ ತಕ್ಕಂತೆ ಮೊತ್ತ. ನಾಲ್ಕು ಜನ ನಾಲ್ಕು ರಾತ್ರಿ ಅಂದರೆ ಸಣ್ಣ ಮೊತ್ತವಲ್ಲ. ಕೆಲವರು ಇದನ್ನು ನಗದಾಗಿಯೇ ಕೇಳುತ್ತಾರೆ, ರಸೀದಿ ಪಡೆಯಿರಿ.

ಕಾರ್ಡ್ ಮಷೀನ್ "ರೂಪಾಯಿಯಲ್ಲಿ ಕಟ್ಟುತ್ತೀರಾ ಯೂರೋದಲ್ಲಾ" ಅಂತ ಕೇಳಿದರೆ ಯೂರೋ ಆರಿಸಿ. ರೂಪಾಯಿ ಅಂದರೆ ಅವರ ವಿನಿಮಯ ದರ ನಿಮ್ಮ ತಲೆಗೆ. ಭಾರತ ಬಿಡುವ ಮುಂಚೆ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿರಿ.

ಮೋಸದ ಬಗ್ಗೆ: ಬುಕ್ ಮಾಡಿದ ಮೇಲೆ "ನಿಮ್ಮ ಕಾರ್ಡ್ ಪರಿಶೀಲನೆ ಆಗಿಲ್ಲ, ಈ ಲಿಂಕ್ ಒತ್ತಿ, ಇಲ್ಲದಿದ್ದರೆ ರೂಮು ರದ್ದು" ಅಂತ ಮೆಸೇಜ್ ಬಂದರೆ ಒತ್ತಬೇಡಿ. ಅದು ಆ್ಯಪ್‌ನ ಒಳಗೇ, ಹೋಟೆಲ್ ಹೆಸರಿನಲ್ಲೇ ಬಂದರೂ ಸರಿ. ಹೋಟೆಲಿನ ಖಾತೆಯನ್ನೇ ಕದ್ದು ಹೀಗೆ ಕಳಿಸುವವರಿದ್ದಾರೆ. ಫೋನ್ ಮಾಡಿ ಕೇಳಿ.

5. ಊರು ತಲುಪುವುದು

ವಿಮಾನದ ಟಿಕೆಟ್ ಹುಡುಕುವಾಗ ಎಚ್ಚರ. ಜೆನೋವಾ ವಿಮಾನ ನಿಲ್ದಾಣದ ಕೋಡ್ ಜಿ-ಒ-ಎ, ಹೌದು, ನಮ್ಮ ಗೋವಾದ ಸ್ಪೆಲಿಂಗೇ. ಗೋವಾದ ಎರಡು ನಿಲ್ದಾಣಗಳಿಗೆ ಬೇರೆ ಕೋಡ್‌ಗಳಿವೆ. ಇನ್ನೊಂದು ಗೊಂದಲ ಸ್ವಿಟ್ಜರ್ಲೆಂಡಿನ ಜಿನೀವಾ, ಇಂಗ್ಲಿಷ್‌ನಲ್ಲಿ ಎರಡರ ಸ್ಪೆಲಿಂಗೂ ಹತ್ತಿರ ಹತ್ತಿರ. ರೈಲಿನ ಆ್ಯಪ್‌ನಲ್ಲಿ ಇಟಾಲಿಯನ್ ಹೆಸರೇ ಹಾಕಿ.

ಬೆಂಗಳೂರಿನಿಂದ ಹೋಗುವವರು ಹೆಚ್ಚಾಗಿ ಮಿಲಾನಿನಲ್ಲಿ ಇಳಿಯುತ್ತಾರೆ. ಮಿಲಾನೊ ಚೆಂತ್ರಾಲೆಯಿಂದ ಜೆನೋವಾಕ್ಕೆ ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ನಿಮ್ಮ ರೂಮು ಯಾವ ಕಡೆ ಅಂತ ನೋಡಿ ಪ್ರಿಂಚಿಪೆಯಲ್ಲಿ ಇಳಿಯಬೇಕೋ ಬ್ರಿನ್ಯೋಲೆಯಲ್ಲೋ ತೀರ್ಮಾನಿಸಿ. ಜೆನೋವಾ ವಿಮಾನ ನಿಲ್ದಾಣಕ್ಕೇ ಬಂದರೆ ವೊಲಾಬಸ್ ಅನ್ನುವ ಬಸ್ಸು ಎರಡೂ ಸ್ಟೇಷನ್‌ಗೆ ಬರುತ್ತದೆ.

ಟ್ಯಾಕ್ಸಿ ಹಳೇ ಊರಿನ ಗಲ್ಲಿಯೊಳಗೆ ಬರುವುದಿಲ್ಲ. ಹತ್ತಿರದ ಚೌಕದಲ್ಲಿ, ಉದಾಹರಣೆಗೆ ಬಂದರಿನ ಪಕ್ಕದ ಪಿಯಾಟ್ಸಾ ಕರಿಕಾಮೆಂತೊ ಅಥವಾ ಮೇಲೆ ಪಿಯಾಟ್ಸಾ ದೆಲ್ಲಾ ನುಂಜಿಯಾತಾದಲ್ಲಿ ಬಿಡುತ್ತಾರೆ. ಅಲ್ಲಿಂದ ನಡಿಗೆ. ಯಾವ ಚೌಕದಲ್ಲಿ ಇಳಿಯಬೇಕು ಅಂತ ವಸತಿಯವರನ್ನೇ ಕೇಳಿಟ್ಟುಕೊಳ್ಳಿ. ಹಾಗೆಯೇ ಮ್ಯಾಪನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ, ಎತ್ತರದ ಗೋಡೆಗಳ ನಡುವೆ ಜಿಪಿಎಸ್ ಪಕ್ಕದ ಗಲ್ಲಿಯಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ.

ಬಸ್ಸು, ಮೆಟ್ರೋದಲ್ಲಿ ಟಿಕೆಟ್ ಕೊಂಡರೆ ಸಾಲದು, ಮಷೀನ್‌ಗೆ ಹಾಕಿ ಮುದ್ರೆ ಒತ್ತಿಸಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟಿಗೂ ಹಾಗೇ. ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಿದವರು ನಮ್ಮವರಲ್ಲಿ ತುಂಬಾ ಜನ.

6. ಬಾಗಿಲು ಹುಡುಕುವುದು

ಜೆನೋವಾದಲ್ಲಿ ಒಂದೇ ಬೀದಿಗೆ ಎರಡು ಸಾಲು ಮನೆ ನಂಬರ್ ಇರುತ್ತವೆ. ಕಪ್ಪು ನಂಬರ್ ಮನೆಗಳ ಬಾಗಿಲಿಗೆ, ಕೆಂಪು ನಂಬರ್ ಅಂಗಡಿ, ಊಟದ ಹೋಟೆಲು, ಗೋದಾಮುಗಳ ಬಾಗಿಲಿಗೆ. ಎರಡೂ ಬೇರೆ ಬೇರೆಯಾಗಿ ಎಣಿಸಿಕೊಂಡು ಹೋಗುತ್ತವೆ. ಕಪ್ಪು 12 ಒಂದು ಕಡೆ ಇದ್ದರೆ ಕೆಂಪು 12 ಬೀದಿಯ ಇನ್ನೊಂದು ಭಾಗದಲ್ಲಿ ಇರಬಹುದು. ವಿಳಾಸದಲ್ಲಿ ಅಂಕೆಯ ಪಕ್ಕ ಇಂಗ್ಲಿಷಿನ ಸಣ್ಣ ಆರ್ ಅಕ್ಷರ ಇದ್ದರೆ ಅದು ರೊಸ್ಸೊ, ಕೆಂಪು. ಮಹಡಿ ಮೇಲಿನ ವಸತಿಗಳು ಹೆಚ್ಚಾಗಿ ಕಪ್ಪು ನಂಬರಿನವು. ಊಟದ ಹೋಟೆಲುಗಳು ಕೆಂಪು. ಇದು ಗೊತ್ತಿಲ್ಲದೆ ಸೂಟ್‌ಕೇಸ್ ಎಳೆದುಕೊಂಡು ಅದೇ ಬೀದಿಯಲ್ಲಿ ಸುತ್ತುವವರನ್ನು ದಿನಾ ನೋಡಬಹುದು.

ವಿಳಾಸ 15/5 ಅಂತಿದ್ದರೆ ಕಟ್ಟಡ 15, ಅದರೊಳಗಿನ ಇಂತೆರ್ನೊ 5, ಅಂದರೆ ಐದನೇ ಮನೆ. ಐದನೇ ಮಹಡಿ ಅಲ್ಲ. ಬೀದಿಬಾಗಿಲ ಪಕ್ಕ ಚಿತೊಫೊನೊ, ಅಂದರೆ ಇಂಟರ್‌ಕಾಮ್ ಬೆಲ್ಲುಗಳ ಫಲಕ ಇರುತ್ತದೆ. ಕೆಲವು ವಸತಿಯವರು ಹೋಟೆಲ್ ಹೆಸರಿನ ಬದಲು ಮಾಲೀಕರ ಮನೆತನದ ಹೆಸರು ಹಾಕಿರುತ್ತಾರೆ, ಬೆಲ್ಲಿನ ಮೇಲೆ ಏನು ಬರೆದಿದೆ ಅಂತ ಮುಂಚೆಯೇ ಕೇಳಿಟ್ಟುಕೊಂಡರೆ ಒಳ್ಳೆಯದು. ಹಳೇ ಲಿಫ್ಟಿಗೆ ಎರಡು ಬಾಗಿಲು. ಹೊರಗೆ ಬಂದ ಮೇಲೆ ಎರಡನ್ನೂ ಸರಿಯಾಗಿ ಮುಚ್ಚಿ, ಇಲ್ಲದಿದ್ದರೆ ಲಿಫ್ಟ್ ಅಲ್ಲೇ ನಿಲ್ಲುತ್ತದೆ, ಕೆಳಗೆ ಕಾಯುತ್ತಿರುವ ಅಜ್ಜಿ ಮೆಟ್ಟಿಲು ಹತ್ತಬೇಕಾಗುತ್ತದೆ.

7. ಚೆಕ್-ಇನ್

ಎಲ್ಲರ ಪಾಸ್‌ಪೋರ್ಟೂ ಕೇಳುತ್ತಾರೆ, ಮಕ್ಕಳದ್ದೂ. ಗಾಬರಿ ಬೇಡ, ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರ ವ್ಯವಸ್ಥೆಗೆ ಕಳಿಸುವುದು ಅವರ ಕಾನೂನು ಬಾಧ್ಯತೆ. ಇದರಿಂದ ನಿಮಗೂ ಉಪಕಾರ. ಬೇರೆ ಷೆಂಗೆನ್ ದೇಶದಲ್ಲಿ ಇಳಿದು ಇಟಲಿಗೆ ಬಂದವರು ಎಂಟು ದಿನದೊಳಗೆ ಪೊಲೀಸ್ ಕಚೇರಿಗೆ ತಮ್ಮ ಇರುವಿಕೆ ತಿಳಿಸಬೇಕು, ಹೋಟೆಲಿನವರು ಕಳಿಸಿದ ವಿವರವೇ ಅದಕ್ಕೆ ಸಾಕಾಗುತ್ತದೆ. ಲೆಕ್ಕಕ್ಕೆ ಸಿಗದ ರೂಮಿನಲ್ಲಿ ಉಳಿದರೆ ನಿಮ್ಮ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಸಿಐಎನ್ ನೋಡಿ ಅಂತ ಹೇಳಿದ್ದು ಇದಕ್ಕೇ.

ಕೀಲಿ ಎಷ್ಟು, ಯಾವುದು ಯಾವ ಬಾಗಿಲಿಗೆ ಅಂತ ಅವರ ಎದುರಿಗೇ ಒಮ್ಮೆ ತೆಗೆದು ನೋಡಿ. ಬೀದಿಬಾಗಿಲು, ಮಹಡಿ ಬಾಗಿಲು, ರೂಮಿನ ಬಾಗಿಲು ಅಂತ ಮೂರು ಇರುವುದುಂಟು, ಹಳೇ ಬೀಗಕ್ಕೆ ಎರಡು ಮೂರು ಸುತ್ತು ತಿರುಗಿಸಬೇಕು. ರಾತ್ರಿ ಫೋನ್ ಮಾಡಬೇಕಾದ ನಂಬರ್ ಬರೆದುಕೊಳ್ಳಿ.

8. ರೂಮಿನ ಒಳಗೆ

ಕರೆಂಟ್ 230 ವೋಲ್ಟ್, ನಮ್ಮದೇ ಥರ. ನಮ್ಮ ಎರಡು ಪಿನ್ನಿನ ಸಣ್ಣ ಚಾರ್ಜರ್ ಹೆಚ್ಚಾಗಿ ಹಿಡಿಯುತ್ತದೆ, ಮೂರು ದಪ್ಪ ಪಿನ್ನಿನದ್ದು ಹಿಡಿಯುವುದಿಲ್ಲ. ಇಟಲಿಯಲ್ಲಿ ಮೂರು ಪಿನ್ನೂ ಒಂದೇ ಸಾಲಿನಲ್ಲಿರುತ್ತವೆ, ಅಡಾಪ್ಟರ್ ಬೇಕು. ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಒಯ್ಯಬೇಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ. ಅಲ್ಲಿ ಮನೆಗಳ ಕರೆಂಟ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವ್ಯಾಟ್‌ನದ್ದು, ನಿಮ್ಮ ಅನ್ನ ಬೇಯುವ ಮುಂಚೆ ಇಡೀ ಮಹಡಿಯ ಕರೆಂಟ್ ಹೋಗಬಹುದು. ರೂಮಿನಲ್ಲಿ ಅಡುಗೆ ನಿಷೇಧವೂ ಹೌದು. ಅಡುಗೆ ಬೇಕೇಬೇಕು ಅಂದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ನೋಡಿ. ಬಿಸಿನೀರಿನ ಕೆಟಲ್ ಇರುವುದು ಅಪರೂಪ.

ಶವರ್ ಪಕ್ಕ ಒಂದು ದಾರ ನೇತಾಡುತ್ತಿರುತ್ತದೆ. ಅದು ಲೈಟಿನದ್ದಲ್ಲ, ಬಟ್ಟೆ ಒಣಗಿಸಲೂ ಅಲ್ಲ. ಯಾರಾದರೂ ಜಾರಿ ಬಿದ್ದರೆ ಎಳೆಯುವ ತುರ್ತು ಗಂಟೆ. ಕಮೋಡಿನ ಪಕ್ಕದ ತಗ್ಗು ಬೇಸಿನ್ ಬಿದೆ. ಅದು ತೊಳೆದುಕೊಳ್ಳಲಿಕ್ಕೇ ಇರುವುದು, ಸಂಕೋಚ ಬೇಡ. ನಲ್ಲಿ ನೀರು ಕುಡಿಯಬಹುದು. ಕಿಟಕಿಯ ಹಸಿರು ಮರದ ಬಾಗಿಲುಗಳಿಗೆ ಕೆಳಗೆ ಮೇಲೆತ್ತುವ ಸಣ್ಣ ರೆಕ್ಕೆ ಇರುತ್ತದೆ, ಬೇಸಿಗೆಯಲ್ಲಿ ಹಗಲು ಬಾಗಿಲು ಮುಚ್ಚಿ ಆ ರೆಕ್ಕೆ ಮಾತ್ರ ಎತ್ತಿಟ್ಟರೆ ರೂಮು ತಂಪಾಗಿರುತ್ತದೆ.

9. ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಕಡಿಮೆ ರೇಟಿನ ವಸತಿಯ ತಿಂಡಿಗೆ ದುಡ್ಡು ಕೊಡುವುದು ದಂಡ. ಪ್ಯಾಕೆಟ್ ಬ್ರೆಡ್, ಜಾಮ್ ಅಷ್ಟೇ. ಹೊರಗೆ ಹೋಗಿ ಫೊಕಾಚ್ಚಾ ತಿನ್ನಿ. ಆಲಿವ್ ಎಣ್ಣೆ ಹಾಕಿ ಬೇಯಿಸಿದ ಮೆತ್ತನೆಯ ಚಪ್ಪಟೆ ಬ್ರೆಡ್. ಜೆನೋವಾದವರು ಇದನ್ನು ಬೆಳಗ್ಗೆ ಕಪುಚ್ಚಿನೊದಲ್ಲಿ ಅದ್ದಿ ತಿನ್ನುತ್ತಾರೆ, ಒಮ್ಮೆ ಮಾಡಿ ನೋಡಿ. ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಎತ್ತೊ ಅಂದರೆ 100 ಗ್ರಾಂ. ಬೋರ್ಡಿನ ಬೆಲೆ ಎತ್ತೊಗೋ ಕಿಲೋಗೋ ಅಂತ ನೋಡಿ. ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಅದಕ್ಕೆ ಸ್ತ್ರುತ್ತೊ ಅನ್ನುತ್ತಾರೆ, "ಸೆಂತ್ಸಾ ಸ್ತ್ರುತ್ತೊ?" ಅಂತ ಕೇಳಿಕೊಳ್ಳಿ. ಸೆಂತ್ಸಾ ಅಂದರೆ "ಇಲ್ಲದೆ".

ಸಸ್ಯಾಹಾರಿಗಳಿಗೆ ಈ ಊರಿನ ದೊಡ್ಡ ವರ ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ದೋಸೆ ಹಿಟ್ಟಿನ ಹಾಗೆ ತೆಳ್ಳಗೆ ಕಲಸಿ, ದೊಡ್ಡ ತಾಮ್ರದ ತಟ್ಟೆಯಲ್ಲಿ ಕಟ್ಟಿಗೆ ಒಲೆಯೊಳಗೆ ಬೇಯಿಸುತ್ತಾರೆ. ಮೊಟ್ಟೆ ಇಲ್ಲ, ಹಾಲಿಲ್ಲ. ಬಿಸಿ ಇರುವಾಗಲೇ ತಿನ್ನಬೇಕು. ಬಂದರಿನ ಎದುರಿನ ಸೊತ್ತೊರೀಪಾ ಕಮಾನುಗಳ ಕೆಳಗೆ, ಹಳೇ ಗಲ್ಲಿಗಳ ಒಲೆ ಅಂಗಡಿಗಳಲ್ಲಿ ಸಿಗುತ್ತದೆ. ಸಣ್ಣ ಮೀನು ಹಾಕಿದ್ದೂ ಮಾಡುತ್ತಾರೆ, ಬರೀ ಸಾದಾ ಕೇಳಿ. ಅದೇ ಕಡಲೆಹಿಟ್ಟಿನ ಪನಿಸ್ಸಾವನ್ನು ಕರಿಯುವ ಎಣ್ಣೆ ಮಾತ್ರ ಮೀನು ಕರಿದದ್ದೇ ಇರಬಹುದು.

ಪೆಸ್ತೊ ಅನ್ನುವ ಹಸಿರು ಚಟ್ನಿ ಇಲ್ಲಿಯದೇ. ತುಳಸಿ ಜಾತಿಯ ಬಾಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಚೀಸ್, ಎಣ್ಣೆ, ಉಪ್ಪು. ತ್ರೊಫಿಯೆ ಪಾಸ್ತಾದ ಜೊತೆ ಆಲೂಗಡ್ಡೆ, ಬೀನ್ಸ್ ಹಾಕಿ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ. ಬೆಳ್ಳುಳ್ಳಿ ತಿನ್ನದವರಿಗೆ ಆಗುವುದಿಲ್ಲ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ತಿಳಿದಿರಲಿ. ತೋರ್ತಾ ಪಸ್ಕ್ವಲೀನಾ ಅನ್ನುವ ಸೊಪ್ಪಿನ ಕಡುಬಿನಲ್ಲಿ ಇಡೀ ಮೊಟ್ಟೆ ಅಡಗಿರುತ್ತದೆ.

ಕೂತು ಊಟ ಮಾಡುವ ಕಡೆ ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೋ ಸೇರುತ್ತದೆ, ಅದು ಮೋಸವಲ್ಲ, ಮೆನುವಿನಲ್ಲೇ ಬರೆದಿರುತ್ತದೆ. ಬಾರಿನಲ್ಲಿ ನಿಂತು ಕಾಫಿ ಕುಡಿದರೆ ಕಡಿಮೆ, ಕೂತರೆ ಜಾಸ್ತಿ. ಮಧ್ಯಾಹ್ನ ಎರಡೂವರೆಯಿಂದ ಸಂಜೆ ಏಳೂವರೆವರೆಗೆ ಹೆಚ್ಚಿನ ಅಡುಗೆಮನೆಗಳು ಮುಚ್ಚಿರುತ್ತವೆ, ಮಕ್ಕಳಿದ್ದರೆ ಹಣ್ಣು, ಫೊಕಾಚ್ಚಾ ತೆಗೆದಿಟ್ಟುಕೊಳ್ಳಿ.

10. ಮಳೆಗಾಲದ ಎಚ್ಚರಿಕೆ

ಅಕ್ಟೋಬರ್, ನವೆಂಬರ್‌ನಲ್ಲಿ ಹೋಗುವವರು ಇದನ್ನು ಓದಲೇಬೇಕು. ಗುಡ್ಡದ ಮೇಲೆ ಬಿದ್ದ ಮಳೆ ಕೆಲವೇ ಗಂಟೆಯಲ್ಲಿ ಊರಿಗೆ ನುಗ್ಗುತ್ತದೆ. 2011ರ ನವೆಂಬರ್ 4ರಂದು ಮತ್ತು 2014ರ ಅಕ್ಟೋಬರ್‌ನಲ್ಲಿ ಪ್ರವಾಹ ಬಂದು ಜನ ಸತ್ತರು. ಬಿಸಾನ್ಯೊ ಹಳ್ಳ ಬ್ರಿನ್ಯೋಲೆಯ ಹತ್ತಿರ ರಸ್ತೆಯ ಅಡಿಯಲ್ಲಿ ಹರಿಯುತ್ತದೆ. ಈ ತಿಂಗಳುಗಳಲ್ಲಿ ಆ ಕಡೆ ಸೆಮಿಂತೆರ್ರಾತೊ, ಅಂದರೆ ಅರ್ಧ ನೆಲದಡಿಯ ರೂಮು ತೆಗೆದುಕೊಳ್ಳಬೇಡಿ. ಅಲ್ಲೆರ್ತಾ ಅನ್ನುವ ಎಚ್ಚರಿಕೆ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಮಟ್ಟದಲ್ಲಿ ಬರುತ್ತದೆ. ಕೆಂಪು ಅಂದರೆ ಶಾಲೆ, ಪಾರ್ಕ್ ಮುಚ್ಚುತ್ತವೆ, ನೀವೂ ಮೇಲಿನ ಮಹಡಿಯಲ್ಲೇ ಇರಿ, ಸುರಂಗದ ದಾರಿ, ಹಳ್ಳದ ಪಕ್ಕ ಹೋಗಬೇಡಿ. ತುರ್ತಿಗೆ 112.

11. ಹೊರಡುವ ದಿನ

ರೂಮು ಬಿಡುವ ವೇಳೆ ಹೆಚ್ಚಾಗಿ ಬೆಳಗ್ಗೆ ಹತ್ತು ಅಥವಾ ಹನ್ನೊಂದು. ಸಂಜೆ ರೈಲಾದರೆ ಲಗೇಜ್ ಇಟ್ಟುಕೊಳ್ಳುತ್ತೀರಾ ಅಂತ ಹಿಂದಿನ ದಿನವೇ ಕೇಳಿ. ಇಲ್ಲ ಅಂದರೆ ಸ್ಟೇಷನ್‌ನಲ್ಲಿ ದೆಪೋಸಿತೊ ಬಗಾಲ್ಯಿ ಅನ್ನುವ ಲಗೇಜ್ ಕೌಂಟರ್ ಹುಡುಕಿ. ರೈಲಿಗೆ ಸ್ವಲ್ಪ ಮುಂಚೆ ಹೋಗಿ, ಪ್ರಿಂಚಿಪೆಯಲ್ಲಿ ನೆಲದಡಿಯಲ್ಲೂ ಪ್ಲಾಟ್‌ಫಾರಂ ಇವೆ, ಕೆಳಗಿಳಿಯಲು ಹೊತ್ತು ಬೇಕು.

ಹಡಗು ಹತ್ತುವವರು ಎರಡು ಜಾಗಗಳನ್ನು ಕಲಸಿಕೊಳ್ಳಬೇಡಿ. ಕ್ರೂಸ್ ಹಡಗುಗಳ ಸ್ತಾತ್ಸಿಯೋನೆ ಮರಿತ್ತಿಮಾ ಪ್ರಿಂಚಿಪೆಯಿಂದ ನಡೆದು ಹೋಗುವಷ್ಟು ಹತ್ತಿರ. ಸಾರ್ದೀನಿಯಾ, ಕೋರ್ಸಿಕಾ, ಸಿಸಿಲಿ, ಟ್ಯುನೀಷಿಯಾ ಕಡೆಯ ಫೆರ್ರಿಗಳ ಟರ್ಮಿನಲ್ ಅದಕ್ಕಿಂತ ಪಶ್ಚಿಮಕ್ಕಿದೆ, ಹತ್ತಿರದ ಮೆಟ್ರೋ ದಿನೇಗ್ರೊ. ಟಿಕೆಟಿನಲ್ಲಿ ಯಾವ ಟರ್ಮಿನಲ್, ಎಷ್ಟು ಹೊತ್ತಿಗೆ ಚೆಕ್-ಇನ್ ಮುಚ್ಚುತ್ತದೆ ಅಂತ ಇರುತ್ತದೆ. ಟ್ಯುನೀಷಿಯಾಕ್ಕೆ ಹೋದರೆ ಷೆಂಗೆನ್ ಬಿಟ್ಟ ಹಾಗೆ, ವಾಪಸ್ ಬರಬೇಕಾದರೆ ನಿಮ್ಮ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು. ಇದನ್ನು ಫೆರ್ರಿ ಟಿಕೆಟ್ ಕೊಳ್ಳುವ ಮುಂಚೆಯೇ ಪಾಸ್‌ಪೋರ್ಟ್ ತೆಗೆದು ನೋಡಿಕೊಳ್ಳಿ.